ಮರದ ಹೆಸರಲ್ಲಿ ಕೂತಿರೋ ವ್ಯಾಪಾರಿ (ಹೂವಿನ ಹಿಸ್ಟರಿ, ಭಾಗ 4)

ಫೋಟೋದಲ್ಲಿರೋ ಹೂವಿನ ದಳ ಜೂಮ್ ಮಾಡಿ ನೋಡಿ. ಕ್ರೇಪ್ ಕಾಗದ ಮುದುರಿ ಬಿಟ್ಟಂಗೆ ಸುಕ್ಕು ಸುಕ್ಕು. ಅದಕ್ಕೇ ಇದು ಕ್ರೇಪ್ ಮರ್ಟಲ್. ಸಸ್ಯಶಾಸ್ತ್ರದಲ್ಲಿ ಲ್ಯಾಗರ್‌ಸ್ಟ್ರೋಮಿಯಾ ಇಂಡಿಕಾ. ಇವತ್ತಿನ ಕಥೆ ಈ ಉದ್ದದ ಹೆಸರಿಂದು.

ಚೀನಾದಲ್ಲಿ ಇದನ್ನ ಅಂದಕ್ಕಾಗಿ ಬೆಳೆಸೋದು ಬಹಳ ಹಳೇ ರೂಢಿ. ತಾಂಗ್ ರಾಜರ ಕಾಲದಲ್ಲಿ, 713ರಲ್ಲಿ, ರಾಜಾಜ್ಞೆ ಬರೆಯೋ ಕಚೇರಿಗೆ ‘ಜಿವೇಯ್’ ಅಂತ ಹೊಸ ಹೆಸರು ಕೊಟ್ರು. ಈ ಹೂವನ್ನ ಕರೆಯೋದೂ ಹಾಗೇ. ಕಚೇರಿ ಅಂಗಳದಲ್ಲಿ ಇದೇ ಗಿಡ ಬೆಳೆಸಿದ್ರು. ಕವಿ ಬೈ ಜೂಯಿ ಇದರ ಮೇಲೆ ಕವಿತೆನೂ ಬರೆದಿದ್ದಾನೆ. ಜನರ ಬಾಯಲ್ಲಿ ಇದಕ್ಕೆ ಇನ್ನೊಂದು ಹೆಸರು, ‘ನೂರು ದಿನದ ಕೆಂಪು’. ಬೇಸಿಗೆಯಲ್ಲಿ ಶುರುವಾದ್ರೆ ತಿಂಗಳುಗಟ್ಟಲೆ ಹೂ ಬಿಡುತ್ತಲ್ಲ, ಅದಕ್ಕೆ.

ಈಗ ಸ್ವೀಡನ್‌ಗೆ ಬನ್ನಿ. 1731ರಲ್ಲಿ ಅಲ್ಲೂ ಒಂದು ಈಸ್ಟ್ ಇಂಡಿಯಾ ಕಂಪನಿ ಶುರುವಾಯ್ತು. ಚೀನಾದಿಂದ ಚಹಾ, ಪಿಂಗಾಣಿ ತರೋದು ಅದರ ದೊಡ್ಡ ವ್ಯಾಪಾರ. ಕಂಪನಿಯ ನಿರ್ದೇಶಕ ಮ್ಯಾಗ್ನಸ್ ಫಾನ್ ಲ್ಯಾಗರ್‌ಸ್ಟ್ರೋಮ್ ಪೂರ್ವದೇಶದ ಗಿಡಗಳನ್ನ ಸ್ನೇಹಿತ ಲಿನೇಯಸ್‌ಗೆ ಒದಗಿಸ್ತಿದ್ದ. ಆ ಋಣಕ್ಕೆ ಲಿನೇಯಸ್ 1759ರಲ್ಲಿ ಮರಕ್ಕೆ ಅವನ ಹೆಸರೇ ಇಟ್ಟ. ಅದೇ ವರ್ಷ ಲ್ಯಾಗರ್‌ಸ್ಟ್ರೋಮ್ ತೀರಿಕೊಂಡ. ಜೊತೆಗೆ ‘ಇಂಡಿಕಾ’ ಯಾಕೆ? ಆಗಿನ ಯುರೋಪಿನವರಿಗೆ ಪೂರ್ವದಿಂದ ಬಂದದ್ದೆಲ್ಲ ಇಂಡಿಯಾನೇ. ಅಕೌಂಟ್ಸ್ ಭಾಷೆಲಿ ಹೇಳೋದಾದ್ರೆ, ಸಾವಿರ ವರ್ಷ ಬೆಳೆಸಿದವರ ಕ್ರೆಡಿಟ್ ಸಾಗಿಸಿದವನ ಖಾತೆಗೆ ಬಿತ್ತು.

18ನೇ ಶತಮಾನದ ಕೊನೆಗೆ ಫ್ರಾನ್ಸಿನ ಆಂದ್ರೆ ಮಿಶೋ ಇದನ್ನ ಅಮೆರಿಕದ ಚಾರ್ಲ್‌ಸ್ಟನ್‌ಗೆ ತಂದ. ದಕ್ಷಿಣದ ಮನೆಯಂಗಳಗಳಲ್ಲಿ ಮರ ಚೆನ್ನಾಗಿ ಹಬ್ಬಿತು. ಒಂದೇ ಕಾಟ, ಬೂದಿ ರೋಗ. ಎಲೆ, ಮೊಗ್ಗಿನ ಮೇಲೆಲ್ಲ ಬಿಳಿ ಪುಡಿ. ಪರಿಹಾರ ಸಿಕ್ಕಿದ್ದು ಜಪಾನಿನ ಯಾಕುಶಿಮಾ ದ್ವೀಪದಲ್ಲಿ. ಅಲ್ಲಿನ ಒಂದು ಸೋದರ ಜಾತಿಗೆ ಈ ರೋಗ ಅಷ್ಟಾಗಿ ತಟ್ಟಲ್ಲ. 1956ರಲ್ಲಿ ಜಾನ್ ಕ್ರೀಚ್ ಅದರ ಬೀಜ ತಂದ್ರು. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಡೊನಾಲ್ಡ್ ಎಗೋಲ್ಫ್ ವರ್ಷಗಟ್ಟಲೆ ಎರಡೂ ಜಾತಿ ಬೆರೆಸಿ, 1978ರಲ್ಲಿ ರೋಗ ತಡೆಯೋ ‘ನ್ಯಾಚೆಜ್’, ‘ಮಸ್ಕೋಗಿ’ ತಳಿಗಳನ್ನ ಹೊರತಂದ್ರು. ಇವೆರಡೂ ಅಮೆರಿಕದ ಮೂಲನಿವಾಸಿ ಜನಾಂಗಗಳ ಹೆಸರು. ತಮ್ಮ ನೆಲ ಕಳ್ಕೊಂಡ ಜನರ ಹೆಸರು ಈಗ ಬೇರೆಯವರ ಅಂಗಳದ ಮರದ ಮೇಲಿದೆ.

ಇದರ ದೊಡ್ಡಕ್ಕ ನಮ್ಮಲ್ಲೇ ಇದೆ. ಬೇಸಿಗೆಯಲ್ಲಿ ಬೆಂಗಳೂರಿನ ರಸ್ತೆಬದಿ ನೇರಳೆ ಹೂ ಬಿಡೋ ಹೊಳೆದಾಸವಾಳ. ಲ್ಯಾಟಿನ್ ಹೆಸರಲ್ಲಿ ಅಲ್ಲೂ ಅದೇ ವ್ಯಾಪಾರಿ. ಆದ್ರೆ ಕನ್ನಡದ ಹೆಸರು ಇಟ್ಟವರು ಅದನ್ನ ಹೊಳೆ ದಡದಲ್ಲಿ ಕಣ್ಣಾರೆ ನೋಡಿದವರು.

ನಿಮ್ಮೂರಲ್ಲಿ ಇದಕ್ಕೆ ಏನಂತಾರೆ? ಅಜ್ಜಿನ ಕೇಳಿ, ಕಾಮೆಂಟಲ್ಲಿ ಬರೀರಿ. ಬರೆದಿಡದಿದ್ರೆ ಆ ಹೆಸರೂ ಹೋಗುತ್ತೆ.