ಕಾಮಾಲೆಗೆ ಕಾರಣ ಕಾರ್ಖಾನೆಯೂ ಇರಬಹುದು

1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದ ಮೇಲೆ ಹರಿಹರ ಲೇತ್ ಯಂತ್ರಗಳ ಊರೆಂದು ಹೆಸರಾಯಿತು. ಲೋಹದ ಬಿಡಿಭಾಗಗಳು ತಯಾರಾಗುವಲ್ಲೆಲ್ಲ ಎಣ್ಣೆಯ ಜಿಡ್ಡು ತೆಗೆಯಲೇಬೇಕು. ಇದಕ್ಕೆ ಜಗತ್ತಿನ ನಾನಾ ಕಡೆ ಬಹುಕಾಲ ಬಳಕೆಯಾದ ದ್ರಾವಕ ಟ್ರೈಕ್ಲೋರೋಎಥಿಲೀನ್.

ಇದರೊಡನೆ ದುಡಿಯುವ ಕೆಲವರಿಗೆ, ಸಾಮಾನ್ಯವಾಗಿ ಕೆಲಸಕ್ಕೆ ಸೇರಿದ ತಿಂಗಳ ಆಸುಪಾಸಿನಲ್ಲಿ, ಜ್ವರ ಬಂದು ಮೈಯೆಲ್ಲ ದದ್ದು ಏಳುತ್ತದೆ. ಯಕೃತ್ತಿಗೆ ಪೆಟ್ಟು ಬಿದ್ದು ಕಾಮಾಲೆ ಕಾಣಿಸಬಹುದು. ಸಾವೂ ಸಂಭವಿಸಿದ್ದುಂಟು. ಇದು ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬೀಳುವ ಅಲರ್ಜಿ. ಆದ್ದರಿಂದಲೇ ಒಂದೇ ತೊಟ್ಟಿಯ ಬಳಿ ಹತ್ತು ಮಂದಿ ದುಡಿದರೂ ಒಬ್ಬನೇ ಹಾಸಿಗೆ ಹಿಡಿಯಬಹುದು. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇಂಥ ಅನೇಕ ಪ್ರಕರಣಗಳು ವರದಿಯಾದವು.

ದ್ರಾವಕದಿಂದ ಕಾಮಾಲೆ ಬರುವುದು ಹೊಸ ಸಂಗತಿಯೇನಲ್ಲ. ವಿಮಾನದ ರೆಕ್ಕೆಗೆ ಬಳಿಯುವ ವಾರ್ನಿಷ್‌ನಲ್ಲಿದ್ದ ಟೆಟ್ರಾಕ್ಲೋರೋಈಥೇನ್‌ನಿಂದ ಕಾರ್ಮಿಕರು ಸತ್ತ ಬಳಿಕ ಬ್ರಿಟನ್ 1916ರಲ್ಲಿ ವಿಷಕಾಮಾಲೆಯ ವರದಿಯನ್ನು ಕಡ್ಡಾಯಗೊಳಿಸಿತು. ಭಾರತದ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲೂ ಈ ರೋಗಕ್ಕೆ ಸ್ಥಾನ ದೊರೆಯಿತು. ರೋಗಿಯನ್ನು ಪರೀಕ್ಷಿಸಿದ ವೈದ್ಯರು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ತಿಳಿಸಬೇಕೆಂದು 89ನೇ ಕಲಂ ವಿಧಿಸಿತು.

ಆದರೆ ಕಾಮಾಲೆಯೆಂದೊಡನೆ ನಮ್ಮ ಜನರಿಗೆ ನೆನಪಾಗುವುದು ಕೆಟ್ಟ ನೀರು ಮತ್ತು ನಾಟಿ ಔಷಧ. ರೋಗಿ ತನ್ನ ಉದ್ಯೋಗದ ಮಾತು ಎತ್ತುವುದಿಲ್ಲ. ಕೊಂಚ ಗುಣವಾದ ಮೇಲೆ ಅದೇ ತೊಟ್ಟಿಗೆ ಮರಳಿದರೆ ರೋಗವೂ ಮರುಕಳಿಸುತ್ತದೆ. 'ಏನು ಕೆಲಸ ಮಾಡುತ್ತೀರಿ?' ಎಂದು ವೈದ್ಯರು ಕೇಳುವುದು, ಕೇಳದಿದ್ದರೂ ಕಾರ್ಮಿಕರೇ ಹೇಳುವುದು ಅಗತ್ಯ.