ಕೃತ್ತಿಕೆಯ ಗಾಡಿ, ಷೆವ್ರೊಲೆ ಹೆಸರು

ಮೊನ್ನೆ ನಮ್ಮ ಸೊಸೈಟಿಗೆ ಹೊಸದಾಗಿ ಬಂದ ವಾಚ್‌ಮನ್ ಪಾರ್ಕಿಂಗ್‌ನಲ್ಲಿ ನಿಂತು ಕೇಳಿದ, "ಸಾಹೇಬ, ಹೀ ಕುಠಲೀ ಗಾಡಿ?" ಇದು ಯಾವ ಗಾಡಿ ಅಂತ. ಮೂತಿಯ ಮೇಲೆ ಷೆವ್ರೊಲೆ ಗುರುತು ಇದೆಯಲ್ಲ, ಷೆವ್ರೊಲೆ ಅಂದುಬಿಟ್ಟೆ. ಅರ್ಧ ಸುಳ್ಳು. ಪೂರ್ತಿ ನಿಜ ಹೇಳಬೇಕಾದರೆ ಜಪಾನಿನಿಂದ, ಅದೂ ಮೊದಲ ಮಹಾಯುದ್ಧದ ಕಾಲದಿಂದ ಶುರು ಮಾಡಬೇಕು. ಪಾಪ, ಅವನಿಗೆ ಗೇಟಿನ ಡ್ಯೂಟಿ ಇತ್ತು. ನಿಮಗೆ ಪುರುಸೊತ್ತಿದ್ದರೆ ಕೇಳಿ.

ಸುಬಾರು ಕಂಪನಿ ಭಾರತದಲ್ಲಿ ತನ್ನ ಹೆಸರಿನ ಅಂಗಡಿ ತೆರೆದು ಕಾರು ಮಾರಿದ್ದೇ ಇಲ್ಲ. ಆದರೂ ಒಂದು ಸುಬಾರು ಇಲ್ಲಿಗೆ ಬಂತು, ಇನ್ನೊಬ್ಬರ ಹೆಸರು ಹಚ್ಚಿಕೊಂಡು. ಅದೇ ನನ್ನ ಪಾರ್ಕಿಂಗ್‌ನಲ್ಲಿ ನಿಂತಿರುವ ಫಾರೆಸ್ಟರ್.

1917ರಲ್ಲಿ ನಾಕಾಜಿಮಾ ಚಿಕುಹೇ ಎಂಬ ನೌಕಾದಳದ ಮಾಜಿ ಅಧಿಕಾರಿ ವಿಮಾನ ತಯಾರಿಕೆಗೆ ಕೈ ಹಾಕಿದ. ಮುಂದೆ ನಾಕಾಜಿಮಾ ಕಂಪನಿ ಜಪಾನಿನ ದೊಡ್ಡ ವಿಮಾನ ತಯಾರಕರಲ್ಲಿ ಒಂದಾಯಿತು. 1945ರಲ್ಲಿ ಯುದ್ಧ ಸೋತ ಮೇಲೆ ವಿಮಾನ ಮಾಡುವ ಹಾಗಿಲ್ಲ. ಅಷ್ಟೊಂದು ಎಂಜಿನಿಯರುಗಳು, ಅಷ್ಟೊಂದು ಯಂತ್ರಗಳು... ಏನು ಮಾಡುವುದು? ಸ್ಕೂಟರ್ ಮಾಡಿದರು. 'ರ್ಯಾಬಿಟ್' ಅಂತ ಅದರ ಹೆಸರು. ಮೊದಮೊದಲ ಸ್ಕೂಟರುಗಳಿಗೆ ಬಾಂಬರ್ ವಿಮಾನದ ಹಿಂಬದಿಯ ಪುಟ್ಟ ಚಕ್ರಗಳನ್ನೇ ಹಾಕಿದ್ದರಂತೆ. ಚೇತಕ್ ಹೊಡೆದು ದೊಡ್ಡವರಾದ ಪುಣೆಯವರಿಗೆ ಇದನ್ನು ಹೇಳಿದರೆ ಬಹಳ ಖುಷಿಪಡುತ್ತಾರೆ!

1950ರಲ್ಲಿ ಆ ಕಂಪನಿಯನ್ನು ಹನ್ನೆರಡು ತುಂಡು ಮಾಡಲಾಯಿತು. ಅವುಗಳಲ್ಲಿ ಐದು 1953ರಲ್ಲಿ ಮತ್ತೆ ಕೂಡಿಕೊಂಡು ಫುಜಿ ಹೆವಿ ಇಂಡಸ್ಟ್ರೀಸ್ ಆಯಿತು. ಅವರ ಕಾರಿಗೆ ಇಟ್ಟ ಹೆಸರೇ ಸುಬಾರು. ಹಾಗಂದರೇನು ಗೊತ್ತೇ? ನಮ್ಮ ಕೃತ್ತಿಕಾ ನಕ್ಷತ್ರ! ಗುರುತಿನಲ್ಲಿ ಒಂದು ದೊಡ್ಡ ಚುಕ್ಕಿ, ಐದು ಸಣ್ಣ ಚುಕ್ಕಿ. ಐದು ಕಂಪನಿ ಸೇರಿ ಒಂದು ದೊಡ್ಡದಾಯಿತು ಅಂತ ಲೆಕ್ಕ. ಷಣ್ಮುಖನನ್ನು ಸಾಕಿದ್ದೂ ಆರು ಮಂದಿ ಕೃತ್ತಿಕೆಯರೇ ಅಲ್ಲವೇ. ಇದನ್ನು ಓದಿದ ದಿನ ಮನೆಯವಳಿಗೆ ಹೇಳಿದೆ. "ಹಂಗಾದ್ರ ಇದಕ್ಕೂ ಆರು ಮಂದಿ ಬೇಕಂತೀರೇನು ಸಾಕಾಕ?" ಅಂದಳು.

1966ರ ಸುಬಾರು 1000 ಕಾರಿನಿಂದ ಅವರದು ಒಂದು ಹಟ. ಎಂಜಿನ್ ಸಿಲಿಂಡರುಗಳು ಎಲ್ಲರ ಕಾರಿನ ಹಾಗೆ ನೆಟ್ಟಗೆ ನಿಲ್ಲುವುದಿಲ್ಲ, ಎಡಕ್ಕೆ ಎರಡು ಬಲಕ್ಕೆ ಎರಡು ಅಡ್ಡ ಮಲಗಿರುತ್ತವೆ. ಎದುರುಬದುರಿನ ಪಿಸ್ಟನ್‌ಗಳು ಬಾಕ್ಸಿಂಗ್ ಪಟುಗಳು ಕೈಚಾಚಿದ ಹಾಗೆ ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ ಓಡಾಡುತ್ತವೆ. ಬಾಕ್ಸರ್ ಎಂಜಿನ್ ಅನ್ನುವುದು ಅದಕ್ಕೇ. ಭಾರವೆಲ್ಲ ನೆಲಕ್ಕೆ ಹತ್ತಿರ, ಹಾಗಾಗಿ ಘಾಟಿನ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. 1972ರಲ್ಲಿ ಲಿಯೋನ್ ಎಂಬ ಮನೆ ಬಳಕೆಯ ಕಾರಿಗೇ ನಾಲ್ಕೂ ಚಕ್ರಗಳ ಡ್ರೈವ್ ಕೊಟ್ಟರು. ಫಾರೆಸ್ಟರ್ ಬಂದದ್ದು 1997ರಲ್ಲಿ.

ಇನ್ನು ಷೆವ್ರೊಲೆ ಎಲ್ಲಿಂದ ಬಂತು? 1999ರ ಕೊನೆಗೆ ಅಮೆರಿಕದ ಜನರಲ್ ಮೋಟರ್ಸ್ ಫುಜಿ ಹೆವಿಯ ಶೇ. 20ರಷ್ಟು ಪಾಲು ಕೊಳ್ಳುವುದಾಗಿ ಹೇಳಿತು. 2003ರಲ್ಲಿ ಅದೇ ಜಿ.ಎಂ. ಭಾರತಕ್ಕೆ ಷೆವ್ರೊಲೆ ಹೆಸರನ್ನು ತಂತು. ದೊಡ್ಡ ಗಾಡಿ ಒಂದು ಬೇಕಿತ್ತು, ಕೈಗೆ ಸಿಕ್ಕಿದ್ದು ಜಪಾನಿನ ಫಾರೆಸ್ಟರ್. ಅಲ್ಲಿಂದ ಸಿದ್ಧ ಗಾಡಿ ತರಿಸಿ, ಕೃತ್ತಿಕೆಯ ಚುಕ್ಕಿ ಕಿತ್ತು ತಮ್ಮ ಗುರುತು ಅಂಟಿಸಿ ಮಾರಿದರು. ಆಗ ಜನ ಡೀಸೆಲ್ ಕೇಳುತ್ತಿದ್ದರು, ಇದು ಎರಡು ಲೀಟರ್ ಪೆಟ್ರೋಲ್. ಓಡಲಿಲ್ಲ. 2005ರ ಅಕ್ಟೋಬರ್‌ನಲ್ಲಿ ಜಿ.ಎಂ. ತನ್ನ ಪಾಲು ಮಾರಿ ಕೈತೊಳೆದುಕೊಂಡಿತು. ಅದರಲ್ಲಿ ಶೇ. 8.7ರಷ್ಟನ್ನು ಟೊಯೊಟಾ ಕೊಂಡಿತು.

ನನ್ನ ಗಾಡಿಯ ರಿಜಿಸ್ಟ್ರೇಷನ್ ಅದೇ ವರ್ಷದ ಡಿಸೆಂಬರ್. ಅಂದರೆ ತೊಟ್ಟಿಲು ಕಟ್ಟುವ ಹೊತ್ತಿಗೆ ಅಪ್ಪ ಅಮ್ಮ ಬೇರೆಯಾಗಿದ್ದರು.

2010ರಲ್ಲಿ ಎರಡನೇ ಮಾಲಿಕನಾಗಿ ಕೊಂಡಾಗ ಇದೊಂದೂ ನನಗೆ ಗೊತ್ತಿರಲಿಲ್ಲ. ಕೊಂಡದ್ದು ಅಗ್ಗ ಅಂತ. ಬ್ಯಾಂಕಿನಲ್ಲಿ ಕಾರು ಸಾಲ ಕೊಡುವಾಗ ಮಂದಿಗೆ ಸವಕಳಿ ಲೆಕ್ಕ ಹೇಳುವ ನಾನೇ, ಯಾಕೆ ಅಗ್ಗ ಅಂತ ಕೇಳಲಿಲ್ಲ ನೋಡಿ.

ಕೊಂಡ ಎರಡನೇ ಬೇಸಿಗೆಯಲ್ಲಿ ಧಾರವಾಡಕ್ಕೆ ಹೊರಟಿದ್ದೆವು. ಹಿಂದಿನ ವಾರವಷ್ಟೇ ಒಂದು ಗ್ಯಾರೇಜಿನಲ್ಲಿ ಕೂಲೆಂಟ್ ಬದಲಿಸಿದ್ದರು. ಶಿರವಳ ದಾಟಿ ಖಂಬಾಟಕಿ ಘಾಟ್ ಏರುತ್ತಿದ್ದಂತೆ ಟೆಂಪರೇಚರ್ ಮುಳ್ಳು ಮೇಲೇಳತೊಡಗಿತು. ಹಿಂದಿನ ಸೀಟಿನಲ್ಲಿ ಅವ್ವ, ಹೊರಗೆ ಉರಿಬಿಸಿಲು. ಬದಿಗೆ ನಿಲ್ಲಿಸಿ, ತಣ್ಣಗಾಗಲಿ ಅಂತ ಒಂದೂವರೆ ತಾಸು ಕಾದು, ನೀರು ತುಂಬಿಸಿ, ಇಳಿಜಾರಿನಲ್ಲಿ ಮೆಲ್ಲಗೆ ವಾಪಸ್ಸು ಬಂದೆವು. ಅಣ್ಣನ ಮಗನ ಮುಂಜಿ ತಪ್ಪಿತು. ಅವ್ವ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಇಳಿಸಬೇಕು, ಷೆವ್ರೊಲೆಯಲ್ಲಿ ಈ ಗ್ಯಾಸ್ಕೆಟ್ ಸಿಗುವುದಿಲ್ಲ, ಮಾರಿಬಿಡಿ ಅಂದರು. ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳನ್ನು ಒಂದೊಂದಾಗಿ ಸುತ್ತಿದೆ. "ಷೆವ್ರೊಲೆ ಫಾರೆಸ್ಟರ್" ಅಂದರೆ ಎಲ್ಲರೂ ತಲೆ ಅಲ್ಲಾಡಿಸುವವರೇ. ಕೊನೆಗೆ ಒಬ್ಬ ಹಿರಿಯರು ಬಾನೆಟ್ ಎತ್ತಿಸಿ ನೋಡಿ ನಕ್ಕರು. "ಸಾಹೇಬ, ನಾವ್ ಚುಕೀಚಂ ಸಾಂಗತಾಯ ತುಮ್ಹೀ. ಹೀ ಸುಬಾರು ಆಹೇ." ನೀವು ಹೇಳುತ್ತಿರುವ ಹೆಸರೇ ತಪ್ಪು ಸ್ವಾಮಿ, ಇದು ಸುಬಾರು ಅಂತ.

ಆ ಒಂದು ಹೆಸರು ಎಲ್ಲ ಬದಲಿಸಿತು. ಸುಬಾರು ಅಂತ ಹುಡುಕಿದರೆ ಪ್ರಪಂಚದ ತುಂಬ ಇದರ ಅಣ್ಣತಮ್ಮಂದಿರು! ಇಂಗ್ಲೆಂಡ್, ಆಸ್ಟ್ರೇಲಿಯಾ, ದುಬೈ, ಎಲ್ಲೆಲ್ಲೂ. ಓದುತ್ತಾ ಹೋದಂತೆ ಗ್ಯಾಸ್ಕೆಟ್‌ನ ಅಪಖ್ಯಾತಿ ಹೆಚ್ಚಾಗಿ ಎರಡೂವರೆ ಲೀಟರ್ ಎಂಜಿನ್ನಿನದು ಅಂತಲೂ ತಿಳಿಯಿತು. ನನ್ನದು ಎರಡು ಲೀಟರ್. ಮಲಗಿದ ಎಂಜಿನ್ನಿಗೆ ಕೂಲೆಂಟ್ ಅವಸರದಲ್ಲಿ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆ ಗುಳ್ಳೆ ಇದ್ದಲ್ಲಿ ನೀರು ತಿರುಗುವುದಿಲ್ಲ. ಮೂತಿಯನ್ನು ಎತ್ತರದಲ್ಲಿ ನಿಲ್ಲಿಸಿ, ಮುಚ್ಚಳ ತೆಗೆದು, ಹೀಟರ್ ಪೂರ್ತಿ ಹಾಕಿ, ನಿಧಾನವಾಗಿ ತುಂಬುತ್ತಾ ಗಾಳಿ ಬಿಡಿಸಬೇಕು. ಸೊಸೈಟಿಯ ಇಳಿಜಾರಿನಲ್ಲೇ ಒಂದು ಭಾನುವಾರ ಹಾಗೆ ಮಾಡಿದೆ. ಗುಳುಗುಳು ಅಂತ ಗುಳ್ಳೆಗಳು ಬಂದವು, ಮುಳ್ಳು ನಡುವೆ ನಿಂತಿತು. ಎಂಜಿನ್ ಇಳಿಸಲೇ ಇಲ್ಲ.

ಅಂದಿನಿಂದ ಹಿಡಿದ ಹುಚ್ಚು ಇದು. ಬಿ.ಕಾಂ. ಓದಿದವನಿಗೆ ಸ್ಪ್ಯಾನರ್ ಯಾಕೆ ಅಂತ ಸಹೋದ್ಯೋಗಿಗಳು ನಗುತ್ತಿದ್ದರು. ಸ್ಪಾರ್ಕ್ ಪ್ಲಗ್ ಬದಲಿಸುವುದೂ ಇದರಲ್ಲಿ ಒಂದು ವ್ರತ. ಪ್ಲಗ್‌ಗಳು ಪಕ್ಕದಲ್ಲಿರುವುದರಿಂದ ಬ್ಯಾಟರಿ ಎತ್ತಿಟ್ಟು, ಕಾಣದ ಜಾಗದಲ್ಲಿ ಬೆರಳಿನಿಂದಲೇ ತಡಕಾಡಬೇಕು. ಕವರ್‌ಗಳೂ ಪಕ್ಕದಲ್ಲೇ, ಹಾಗಾಗಿ ಸೀಲ್ ಹಳತಾದರೆ ಆಯಿಲ್ ಹನಿ ನೇರ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟ ವಾಸನೆ. ಟೈರ್ ವಿಷಯದಲ್ಲಿ ಜಿಪುಣತನ ನಡೆಯುವುದಿಲ್ಲ. ಒಂದೇ ಟೈರ್ ಹೊಸದು ಹಾಕಿದರೆ ಸುತ್ತಳತೆ ವ್ಯತ್ಯಾಸವಾಗಿ ನಡುವಿನ ಡಿಫರೆನ್ಷಿಯಲ್ ಬಿಸಿಯಾಗುತ್ತದೆ. ಟೈಮಿಂಗ್ ಬೆಲ್ಟ್ ಲಕ್ಷ ಕಿ.ಮೀ. ಆಸುಪಾಸಿಗೆ ಬದಲಿಸಲೇಬೇಕು, ತುಂಡಾದರೆ ವಾಲ್ವು ಪಿಸ್ಟನ್ ಒಂದಕ್ಕೊಂದು ಬಡಿದು ಕಥೆ ಮುಗಿಯಿತು. ಬೆಲ್ಟ್ ಕೆಲಸಕ್ಕೆ ಮಾತ್ರ ಭೋಸರಿಯ ಒಬ್ಬ ಫಿಟರ್‌ನನ್ನು ಕರೆಯುತ್ತೇನೆ, ನಾನು ಟಾರ್ಚ್ ಹಿಡಿಯುತ್ತೇನೆ. ರಬ್ಬರ್ ಬುಷ್ ಸಿಗದಿದ್ದರೆ ಹಳೆಯದನ್ನು ಮಾದರಿ ಕೊಟ್ಟು ಅಲ್ಲೇ ಮಾಡಿಸುತ್ತೇವೆ. ಉಳಿದದ್ದನ್ನೆಲ್ಲ ದುಬೈನಲ್ಲಿರುವ ತಂಗಿಯ ಮಗ ಬ್ಯಾಗಿನಲ್ಲಿ ತರುತ್ತಾನೆ. ಖರ್ಜೂರದ ಜೊತೆ ವಾಟರ್ ಪಂಪ್!

ಜಿ.ಎಂ. ಕಥೆಯೂ ನಮ್ಮ ಊರ ಬಗಲಲ್ಲೇ ಮುಗಿಯಿತು. 2008ರಲ್ಲಿ ತಳೇಗಾಂವ್‌ನಲ್ಲಿ ದೊಡ್ಡ ಕಾರ್ಖಾನೆ ತೆರೆದರು. 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿದರು, 2020ರ ಡಿಸೆಂಬರ್‌ನಲ್ಲಿ ಕಾರ್ಖಾನೆಯೂ ನಿಂತಿತು. ಅಲ್ಲಿ ದುಡಿಯುತ್ತಿದ್ದ ನೂರಾರು ಜನ ಕೆಲಸ ಕಳೆದುಕೊಂಡರು. ಈಗ ಅದು ಹ್ಯುಂಡೈ ಕೈಯಲ್ಲಿದೆ. ಅತ್ತ ಫುಜಿ ಹೆವಿ 2017ರ ಏಪ್ರಿಲ್‌ನಲ್ಲಿ ಕಂಪನಿಯ ಹೆಸರನ್ನೇ ಸುಬಾರು ಅಂತ ಬದಲಿಸಿಕೊಂಡಿತು. ನನ್ನ ಗಾಡಿಯ ಮೂತಿಯ ಮೇಲಿನ ಹೆಸರು ಇಲ್ಲಿಂದ ಹೋಯಿತು, ಒಳಗಿನ ಹೆಸರು ಇನ್ನೂ ಬಿಡಿಭಾಗ ಕೊಡುತ್ತಿದೆ.

ಈಗ ದುಡ್ಡಿನ ಮಾತು. ಕಳೆದ ಡಿಸೆಂಬರ್‌ಗೆ ಗಾಡಿಗೆ 20 ವರ್ಷ ತುಂಬಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಹೊಸ ಶುಲ್ಕ ತಂದಿತ್ತು. 20 ವರ್ಷ ದಾಟಿದ ಸಾಧಾರಣ ಕಾರಿನ ರಿಜಿಸ್ಟ್ರೇಷನ್ ನವೀಕರಣಕ್ಕೆ 10,000 ರೂಪಾಯಿ, ಇಂಪೋರ್ಟೆಡ್ ಆದರೆ 80,000. ನನ್ನ ಆರ್.ಸಿ.ಯಲ್ಲಿ ಇಂಪೋರ್ಟೆಡ್ ಅಂತ ಸ್ಪಷ್ಟವಾಗಿ ಬರೆದಿದೆ. ಇಷ್ಟು ವರ್ಷ ಯಾರೂ ಸುಬಾರು ಅಂತ ಒಪ್ಪಲಿಲ್ಲ, ದುಡ್ಡು ಕಟ್ಟುವಾಗ ಮಾತ್ರ ಜಪಾನಿನದಾಯಿತು. ಒಂದು ಸಂಜೆ ಕೂತು ಲೆಕ್ಕ ಹಾಕಿದೆ. ಗಾಡಿ ಮಾರಿದರೆ ಬರುವ ದುಡ್ಡು, ಇನ್ನೈದು ವರ್ಷದ ಖರ್ಚು, ರಿಟೈರ್‌ಮೆಂಟಿಗೆ ಉಳಿದ ಕಾಲ. ಗ್ರಾಹಕನೊಬ್ಬ ಈ ಲೆಕ್ಕ ತಂದಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ.

ಕಟ್ಟಿ ಬಂದೆ. ಮನೆಯವಳು ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ "ಯುಗಾದಿಗೆ ಧಾರವಾಡಕ್ಕ ಇದರಾಗ ಹೋಗೋದೇನು?" ಅಂತ ಕೇಳಿದಳು. ತಂಗಿಯ ಮಗನಿಗೆ ನಿನ್ನೆ ಪಟ್ಟಿ ಕಳಿಸಿದ್ದೇನೆ: ಬೆಲ್ಟ್ ಒಂದು, ಪ್ಲಗ್ ನಾಲ್ಕು, ಕವರ್ ಸೀಲ್ ಎರಡು. "ಮಾಮಾ, ಈ ಸಲ ಖರ್ಜೂರಕ್ಕ ಜಾಗ ಇಲ್ಲ ನೋಡು" ಅಂತ ಉತ್ತರ ಬಂದಿದೆ.