ರಾಟರ್‌ಡ್ಯಾಮ್ ಬಳಿ ಬಿದ್ದ ತಾಮ್ರದ ತುಂಡು

1943ರ ಫೆಬ್ರವರಿ 2ರ ರಾತ್ರಿ ಇಂಗ್ಲೆಂಡಿನಿಂದ ಹೊರಟ ಬಾಂಬರ್ ವಿಮಾನಗಳ ಗುರಿ ಜರ್ಮನಿಯ ಕಲೋನ್ ನಗರವಾಗಿತ್ತು. ಅವುಗಳಲ್ಲಿ ಒಂದು, ಬ್ರಿಟಿಷ್ ವಾಯುಪಡೆಯ 7ನೆಯ ಸ್ಕ್ವಾಡ್ರನ್ನಿಗೆ ಸೇರಿದ ನಾಲ್ಕು ಎಂಜಿನ್ನಿನ ಸ್ಟರ್ಲಿಂಗ್ ವಿಮಾನ, ಹಿಂದಿರುಗಲಿಲ್ಲ. ಆಗ ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ, ರಾಟರ್‌ಡ್ಯಾಮ್ ನಗರದ ಸಮೀಪ, ಶತ್ರುವಿನ ಹೊಡೆತಕ್ಕೆ ಸಿಕ್ಕಿ ನೆಲಕ್ಕುರುಳಿತು. ಸಿಬ್ಬಂದಿಯಲ್ಲಿ ಇಬ್ಬರು ಮಾತ್ರ ಬದುಕುಳಿದು ಸೆರೆಯಾದರು.

ಆ ಯುದ್ಧದಲ್ಲಿ ಇದೇನೂ ಅಪರೂಪದ ಘಟನೆಯಲ್ಲ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಸೇವೆ ಸಲ್ಲಿಸಿದ ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ 55,573 ಮಂದಿ ಸತ್ತರು. ಅಂದರೆ ನೂರಕ್ಕೆ 44 ಮಂದಿ! ಹೀಗಿರುವಾಗ ಈ ಒಂದು ವಿಮಾನ ವಿಜ್ಞಾನದ ಇತಿಹಾಸದಲ್ಲಿ ಏಕೆ ಉಳಿಯಿತು? ಉತ್ತರ ಅದರ ಹೊಟ್ಟೆಯಡಿಯಲ್ಲಿತ್ತು. ಅವಶೇಷಗಳನ್ನು ಶೋಧಿಸಿದ ಜರ್ಮನ್ ತಂತ್ರಜ್ಞರಿಗೆ ತಾವು ಎಂದೂ ಕಾಣದ ಒಂದು ಉಪಕರಣ ಸಿಕ್ಕಿತು. ಅದರ ಮೇಲೆ ಯಾರೋ ಪೆನ್ಸಿಲಿನಿಂದ 'ಪ್ರಾಯೋಗಿಕ 6' ಎಂದು ಇಂಗ್ಲಿಷಿನಲ್ಲಿ ಗೀಚಿದ್ದರು.

ಆ ಉಪಕರಣದ ಹೆಸರು ಎಚ್‌2ಎಸ್. ರಸಾಯನಶಾಸ್ತ್ರದ ಅಧ್ಯಾಪಕರಿಗೆ ಕೊಳೆತ ಮೊಟ್ಟೆಯ ವಾಸನೆ ನೆನಪಾದರೆ ಆಶ್ಚರ್ಯವಿಲ್ಲ. ಈ ಹೆಸರಿನ ಹುಟ್ಟಿನ ಬಗ್ಗೆ ಹಲವು ಕಥೆಗಳಿವೆ. ಕತ್ತಲಲ್ಲಿ, ಮೋಡದ ಮೇಲಿಂದಲೂ ಕೆಳಗಿನ ನೆಲವನ್ನು 'ನೋಡುವ' ರೇಡಾರ್ ಅದು. ವಿಮಾನದಿಂದ ಓರೆಯಾಗಿ ಕೆಳಕ್ಕೆ ಬಿಟ್ಟ ರೇಡಿಯೋ ತರಂಗಗಳು ನೀರಿನ ಮೇಲೆ ಬಿದ್ದರೆ, ಕನ್ನಡಿಗೆ ಬಿದ್ದ ಬೆಳಕಿನಂತೆ ಮುಂದಕ್ಕೆ ಪ್ರತಿಫಲಿಸಿ ಹೋಗುತ್ತವೆ. ತೆರೆಯ ಮೇಲೆ ಆ ಜಾಗ ಕಪ್ಪು. ಹೊಲ ಗದ್ದೆಗಳಿಂದ ಅಲ್ಪಸ್ವಲ್ಪ ಮರಳುತ್ತವೆ. ಊರಿನ ಗೋಡೆ, ಛಾವಣಿ, ಮೂಲೆಗಳಿಂದ ಹೇರಳವಾಗಿ ಮರಳುತ್ತವೆ. ಅಲ್ಲಿ ತೆರೆ ಬೆಳಗುತ್ತದೆ. ಹೀಗೆ ಬೆಳಗುತ್ತಿದ್ದುದು ಜನರ ಮನೆಗಳೇ ಎಂಬುದನ್ನೂ ನಾವು ಮರೆಯಬಾರದು.

ಇಂಥ ಚಿತ್ರ ಮೂಡಲು ತರಂಗದೂರ ಚಿಕ್ಕದಿರಬೇಕು. ಲೆಕ್ಕ ಹಾಕಿ ನೋಡಿ. ಆಂಟೆನಾದಿಂದ ಹೊರಡುವ ಕಿರಣಪುಂಜದ ಅಗಲ, ರೇಡಿಯನ್‌ಗಳಲ್ಲಿ, ಸರಿಸುಮಾರು ತರಂಗದೂರವನ್ನು ಆಂಟೆನಾದ ಅಗಲದಿಂದ ಭಾಗಿಸಿದಷ್ಟು. ಎಚ್‌2ಎಸ್‌ನ ತರಂಗದೂರ ಸುಮಾರು 10 ಸೆಂ.ಮೀ., ಆಂಟೆನಾದ ಅಗಲ ಸುಮಾರು 90 ಸೆಂ.ಮೀ. ಕಿರಣಪುಂಜದ ಅಗಲ ಆರೇಳು ಡಿಗ್ರಿಯಾಗುತ್ತದೆ. ಯುದ್ಧದ ಆರಂಭದಲ್ಲಿ ವಿಮಾನಗಳಲ್ಲಿದ್ದ ರೇಡಾರುಗಳ ತರಂಗದೂರ ಒಂದೂವರೆ ಮೀಟರಿನಷ್ಟು. ಅದರಿಂದ ಇಷ್ಟೇ ಕಿರಿದಾದ ಪುಂಜ ಪಡೆಯಲು ಆಂಟೆನಾ ಹದಿಮೂರೂವರೆ ಮೀಟರ್ ಅಗಲವಿರಬೇಕು. ಅದನ್ನು ವಿಮಾನದಡಿಯಲ್ಲಿ ತಿರುಗಿಸುವುದೆಲ್ಲಿ ಬಂತು?

ಈ ಚಿಕ್ಕ ತರಂಗಗಳನ್ನು ಸಾಕಷ್ಟು ಶಕ್ತಿಯಿಂದ ಹೊರಡಿಸುವ ಸಾಧನವೇ ಕುಹರ ಮ್ಯಾಗ್ನೆಟ್ರಾನ್. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ 1940ರ ಫೆಬ್ರವರಿ 21ರಂದು ಅದನ್ನು ಮೊದಲಬಾರಿಗೆ ನಡೆಸಿದರು. ತಾಮ್ರದ ಗಟ್ಟಿಯಲ್ಲಿ ನಡುವೆ ಒಂದು ರಂಧ್ರ, ಅದರ ಸುತ್ತ ಆರು ಕುಹರಗಳು. ನಡುವಿನ ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳನ್ನು ಕಾಂತಕ್ಷೇತ್ರ ಬಾಗಿಸಿ ಸುತ್ತಿಸುತ್ತದೆ. ಕುಹರಗಳ ಬಾಯ ಮುಂದೆ ಹಾಯುವಾಗ ಅವು ಅಲ್ಲಿ ವಿದ್ಯುತ್ ಆಂದೋಲನ ಎಬ್ಬಿಸುತ್ತವೆ. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದಾಗ ಶಬ್ದ ಬರುವುದನ್ನು ನೆನೆಯಿರಿ. ಸೀಸೆಯ ಗಾತ್ರ ಸ್ವರವನ್ನು ನಿರ್ಧರಿಸುವಂತೆ ಕುಹರದ ಗಾತ್ರ ತರಂಗದೂರವನ್ನು ನಿರ್ಧರಿಸುತ್ತದೆ. ಇಂದು ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಮಾಡುವುದೂ ಇದರ ವಂಶದ್ದೇ.

ತೊಡಕು ಇದ್ದುದೂ ಇಲ್ಲೇ. ಮ್ಯಾಗ್ನೆಟ್ರಾನಿನ ರಹಸ್ಯವೆಲ್ಲ ಲೋಹದಲ್ಲಿ ಕೊರೆದ ರಂಧ್ರಗಳ ಆಕಾರದಲ್ಲಿತ್ತು. ವಿಮಾನ ಉರುಳಿದರೆ ಗಾಜು ಪುಡಿಯಾಗುತ್ತದೆ, ತಂತಿ ಉರಿಯುತ್ತದೆ, ಮನುಷ್ಯ ಸಾಯುತ್ತಾನೆ. ತಾಮ್ರದ ಗಟ್ಟಿ ಉಳಿಯುತ್ತದೆ. ಸ್ಫೋಟಕವಿಟ್ಟು ನಾಶಮಾಡಬಹುದೇ ಎಂದು ಪರೀಕ್ಷಿಸಿದರು. ವಿಮಾನದ ಒಡಲಲ್ಲಿ ದೊಡ್ಡ ತೂತು ಬಿತ್ತು, ತಾಮ್ರದ ಚೂರುಗಳನ್ನು ಮಾತ್ರ ಗುರುತಿಸಬಹುದಾಗಿತ್ತು. ಸುಲಭವಾಗಿ ಒಡೆಯುವ ಕ್ಲೈಸ್ಟ್ರಾನ್ ಬಳಸೋಣವೆಂದರೆ ಆಗ ಅದಕ್ಕೆ ಸಾಕಷ್ಟು ಶಕ್ತಿಯಿರಲಿಲ್ಲ. ಹಾಗಾಗಿ ಮ್ಯಾಗ್ನೆಟ್ರಾನನ್ನು ಶತ್ರುನೆಲದ ಮೇಲೆ ಒಯ್ಯಬೇಕೇ ಬೇಡವೇ ಎಂಬ ಚರ್ಚೆ ಪ್ರಧಾನಿ ಚರ್ಚಿಲ್‌ವರೆಗೂ ಹೋಯಿತು. ಒಯ್ಯಬಹುದೆಂದು 1942ರ ಜುಲೈನಲ್ಲಿ ತೀರ್ಮಾನವಾಯಿತು.

ಅಷ್ಟರಲ್ಲಾಗಲೇ ಈ ಯಂತ್ರ ಸ್ವದೇಶದಲ್ಲೇ ಬಲಿ ತೆಗೆದುಕೊಂಡಿತ್ತು. 1942ರ ಜೂನ್ 7ರಂದು ಎಚ್‌2ಎಸ್ ಪರೀಕ್ಷೆಗೆ ಹಾರಿದ್ದ ಹ್ಯಾಲಿಫ್ಯಾಕ್ಸ್ ವಿಮಾನವೊಂದರ ಎಂಜಿನ್ನಿಗೆ ಬೆಂಕಿ ಹತ್ತಿ, ಹೆರೆಫರ್ಡ್‌ಶೈರ್‌ನಲ್ಲಿ ಅದು ಬಿದ್ದು ಒಳಗಿದ್ದ 11 ಮಂದಿಯೂ ಸತ್ತರು. ಸ್ಟೀರಿಯೋ ಧ್ವನಿಮುದ್ರಣದ ಜನಕರಲ್ಲೊಬ್ಬನಾದ ಆಲನ್ ಬ್ಲೂಮ್ಲೈನ್ ಅವರಲ್ಲಿ ಒಬ್ಬ. ಬೆಂಕಿಗೆ ಮೂಲ, ಸರಿಯಾಗಿ ಬಿಗಿಯದ ಒಂದು ನಟ್ಟು. ಯೋಜನೆಯ ಹೊಣೆ ಹೊತ್ತಿದ್ದ ಬರ್ನಾರ್ಡ್ ಲವೆಲ್ ಕೆಲಸ ಮುಂದುವರಿಸಿದ. ಜಾಡ್ರೆಲ್ ಬ್ಯಾಂಕಿನ ಬೃಹತ್ ರೇಡಿಯೋ ದೂರದರ್ಶಕದ ಮೂಲಕ ಮುಂದೆ ನೀವು ಕೇಳಿರುವ ಲವೆಲ್ ಇವನೇ.

ಎಚ್‌2ಎಸ್ ಮೊದಲು ಯುದ್ಧಕ್ಕೆ ಹೋದದ್ದು 1943ರ ಜನವರಿ 30ರ ರಾತ್ರಿ, ಹ್ಯಾಂಬರ್ಗಿನ ಮೇಲೆ. ಎರಡನೆಯ ಬಾರಿಗೇ ಸ್ಟರ್ಲಿಂಗ್ ಉರುಳಿತು. ವರ್ಷಗಟ್ಟಲೆ ಕಾಪಾಡಿದ ಗುಟ್ಟು ಮೂರು ದಿನಗಳಲ್ಲಿ ಶತ್ರುವಿನ ಮೇಜಿನ ಮೇಲಿತ್ತು.

ಜರ್ಮನರು ಅದಕ್ಕೆ 'ರಾಟರ್‌ಡ್ಯಾಮ್ ಉಪಕರಣ' ಎಂದೇ ಹೆಸರಿಟ್ಟರು. ಚಿತ್ರ ತೋರಿಸುವ ಭಾಗ ಮಾತ್ರ ಅವರಿಗೆ ಸಿಗಲಿಲ್ಲ. ಬದುಕುಳಿದ ಇಬ್ಬರನ್ನು ವಿಚಾರಿಸಿದರೂ ಯಂತ್ರವನ್ನು ಬಿಡಿಸಿಟ್ಟಷ್ಟು ವಿಷಯ ಹೊರಬರಲಿಲ್ಲ. ಬರ್ಲಿನ್ನಿನ ಟೆಲಿಫುಂಕನ್ ಕಾರ್ಖಾನೆಯಲ್ಲಿ ಅದನ್ನು ಜೋಡಿಸುತ್ತಿರುವಾಗ, ಮಾರ್ಚ್ 1ರ ರಾತ್ರಿಯ ಬ್ರಿಟಿಷ್ ದಾಳಿಯಲ್ಲಿ ಅದು ನಾಶವಾಯಿತು. ಆದರೆ ಅದೇ ರಾತ್ರಿ ಎಚ್‌2ಎಸ್ ಹೊತ್ತಿದ್ದ ಒಂದು ಹ್ಯಾಲಿಫ್ಯಾಕ್ಸ್ ವಿಮಾನ ಹಾಲೆಂಡಿನಲ್ಲೇ ಬಿತ್ತು! ಕೆಲಸ ಮತ್ತೆ ಶುರುವಾಯಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಇದು ನಿಜಕ್ಕೂ ಗುಟ್ಟಾಗಿತ್ತೇ? ಹಲವು ಕುಹರಗಳ ಮ್ಯಾಗ್ನೆಟ್ರಾನಿಗೆ ಜರ್ಮನಿಯ ಹಾನ್ಸ್ ಹೋಲ್‌ಮಾನ್ 1935ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದ. ಸೋವಿಯತ್ ವಿಜ್ಞಾನಿಗಳಾದ ಅಲೆಕ್ಸೆಯೆವ್ ಮತ್ತು ಮಾಲ್ಯಾರೊವ್ 1940ರಲ್ಲಿ ಇಂಥದ್ದೇ ಸಾಧನದ ಬಗ್ಗೆ ಲೇಖನ ಪ್ರಕಟಿಸಿದ್ದರು. ಜರ್ಮನ್ ಮಿಲಿಟರಿ ಸೆಂಟಿಮೀಟರ್ ತರಂಗಗಳಿಂದ ಹೆಚ್ಚು ಪ್ರಯೋಜನವಿಲ್ಲವೆಂದು ಬದಿಗಿಟ್ಟಿತ್ತು, ಅಷ್ಟೆ. ಕೈಯಲ್ಲಿದ್ದ ಕಾಗದ ಹೇಳಿದ್ದನ್ನು ಕೇಳದವರು ರಾಟರ್‌ಡ್ಯಾಮಿನ ತಾಮ್ರ ಹೇಳಿದಾಗ ಕೇಳಿದರು.

ಕೇಳಿದರೂ ಬೇಗನೆ ಕೇಳಲಿಲ್ಲ. 1943ರ ಮಾರ್ಚ್‌ನಿಂದ ಬ್ರಿಟಿಷ್ ವಿಮಾನಗಳು 10 ಸೆಂ.ಮೀ. ರೇಡಾರಿನಿಂದ ಜರ್ಮನ್ ಸಬ್‌ಮರೀನುಗಳನ್ನು ಹುಡುಕತೊಡಗಿದವು. ಸಬ್‌ಮರೀನುಗಳಲ್ಲಿದ್ದ ಮೆಟಾಕ್ಸ್ ಗ್ರಾಹಕಕ್ಕೆ ಈ ತರಂಗಗಳು ಕೇಳಿಸುತ್ತಲೇ ಇರಲಿಲ್ಲ. ಮೇ ಒಂದೇ ತಿಂಗಳಲ್ಲಿ 41 ಸಬ್‌ಮರೀನುಗಳು ನಾಶವಾದವು. ಎಲ್ಲವೂ ರೇಡಾರಿನಿಂದಲೇ ಅಲ್ಲ, ಆದರೂ ಅದರ ಪಾಲು ದೊಡ್ಡದು. ಸೆರೆಸಿಕ್ಕ ಒಬ್ಬ ಬ್ರಿಟಿಷ್ ವೈಮಾನಿಕ, ಮೆಟಾಕ್ಸ್ ಹೊರಸೂಸುವ ತರಂಗಗಳ ಜಾಡು ಹಿಡಿದೇ ತಾವು ಬರುತ್ತೇವೆಂದು ಹೇಳಿದ. ಸುಳ್ಳು! ಜರ್ಮನ್ ನೌಕಾಪಡೆ ಅದನ್ನು ನಂಬಿ ಆಗಸ್ಟ್‌ನಲ್ಲಿ ಮೆಟಾಕ್ಸ್ ಬಳಕೆಯನ್ನೇ ನಿಲ್ಲಿಸಿತು. ಸರಿಯಾದ ಉತ್ತರ ಆರು ತಿಂಗಳಿಂದ ಅದೇ ದೇಶದ ಇನ್ನೊಂದು ಕಚೇರಿಯಲ್ಲಿ ಬಿದ್ದಿತ್ತು.

ರಾಟರ್‌ಡ್ಯಾಮ್ ಉಪಕರಣದಿಂದ ಹುಟ್ಟಿದ 'ನಾಕ್ಸೋಸ್' ಗ್ರಾಹಕ ಸಬ್‌ಮರೀನುಗಳಿಗೆ ಬಂದದ್ದು ಆ ವರ್ಷದ ಶರತ್ಕಾಲದಲ್ಲಿ. 1944ರ ಆರಂಭದಿಂದ ರಾತ್ರಿ ಕಾದಾಡುವ ಜರ್ಮನ್ ವಿಮಾನಗಳಲ್ಲೂ ಅದು ಇತ್ತು. ಬಾಂಬರ್ ತನ್ನ ದಾರಿ ಕಾಣಲು ಎಚ್‌2ಎಸ್ ಹಚ್ಚಿದರೆ, ಬೇಟೆಗಾರನಿಗೆ ಬಾಂಬರ್ ಇರುವ ದಿಕ್ಕು ತಿಳಿಯುತ್ತಿತ್ತು. ಅನಿವಾರ್ಯವಾದಾಗ ಮಾತ್ರ ಯಂತ್ರ ಹಚ್ಚಬೇಕೆಂದು ಸಿಬ್ಬಂದಿಗೆ ಆಜ್ಞೆಯಾಗುವ ವೇಳೆಗೆ ಎಷ್ಟೋ ವಿಮಾನಗಳು ಉರುಳಿಹೋಗಿದ್ದವು. ಸ್ಟರ್ಲಿಂಗಿನ ಮ್ಯಾಗ್ನೆಟ್ರಾನನ್ನು ಅನುಸರಿಸಿ ಜರ್ಮನರು ತಯಾರಿಸಿದ 'ಬರ್ಲಿನ್' ಎಂಬ ರೇಡಾರ್ ಕೆಲವೇ ವಿಮಾನಗಳಿಗೆ ಸೇರುವ ಹೊತ್ತಿಗೆ 1945 ಬಂದಿತ್ತು.